ಓದುವ ಮಗು, ಕೇಳದ ನಾವು

ಕೆಲವು ವರ್ಷಗಳ ಹಿಂದೆ ಒಂದು ಕನ್ನಡ ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದಿದ್ದರು. ಸಭೆ ಆರಂಭವಾಗುವ ಮೊದಲು ಮುಖ್ಯೋಪಾಧ್ಯಾಯರು ಮೂರನೆಯ ತರಗತಿಗೆ ಕರೆದೊಯ್ದರು. ತಮ್ಮ ಶಾಲೆಯ ಮಕ್ಕಳು ಎಷ್ಟು ಚೆನ್ನಾಗಿ ಓದುತ್ತಾರೆಂದು ಅತಿಥಿಗಳಿಗೆ ತೋರಿಸಬೇಕೆಂಬುದು ಅವರ ಆಸೆ. ಎದುರು ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಗಟ್ಟಿಯಾಗಿ ಓದತೊಡಗಿದಳು. ಮನೆಯಲ್ಲಿ ಉರ್ದು ಮಾತನಾಡುವ ಮಗು. ‘ನಮ್ಮ ಹಳ್ಳಿಯಲ್ಲಿ ಒಂದು ದೊಡ್ಡ ಕೆರೆ ಇದೆ’ ಎಂದಿದ್ದುದನ್ನು ‘ನಮ್ಮ ಹಲ್ಲಿಯಲ್ಲಿ ಒಂದು ದೊಡ್ಡ ಕೆರೆ ಇದೆ’ ಎಂದು ಓದಿದಳು. ತರಗತಿ ಗೊಳ್ಳೆಂದು ನಕ್ಕಿತು. ಶಿಕ್ಷಕಿಯೂ ನಕ್ಕರು. ಹಲ್ಲಿಯ ಹೊಟ್ಟೆಯಲ್ಲಿ ಕೆರೆ ಇರುವುದನ್ನು ಕಲ್ಪಿಸಿಕೊಂಡು ನಾವೂ ನಕ್ಕೆವು. ಮಗು ಓದು ನಿಲ್ಲಿಸಲಿಲ್ಲ. ಆದರೆ ಉಳಿದ ವಾಕ್ಯಗಳನ್ನು ಪುಸ್ತಕಕ್ಕೆ ಮಾತ್ರ ಕೇಳಿಸುವಷ್ಟು ಸಣ್ಣ ದನಿಯಲ್ಲಿ ಮುಗಿಸಿ ಕುಳಿತಳು. ‘ಧೈರ್ಯವಾಗಿ ಓದಬೇಕಮ್ಮಾ’ ಎಂದು ನಾವು ಉಪದೇಶವನ್ನೂ ಮಾಡಿದೆವು.

ಆ ಉಪದೇಶ ನಮ್ಮನ್ನು ಇಂದಿಗೂ ಚುಚ್ಚುತ್ತದೆ. ಮಗುವಿನಲ್ಲಿದ್ದ ಧೈರ್ಯವನ್ನು ನಾವೇ ನಕ್ಕು ಕಳೆದಿದ್ದೆವು. ಮರುಗಳಿಗೆಯಲ್ಲಿ ಧೈರ್ಯವಿಲ್ಲವೆಂದು ಮಗುವನ್ನೇ ಹೊಣೆ ಮಾಡಿದೆವು.

ಇಂದು ಮಕ್ಕಳ ಆತ್ಮವಿಶ್ವಾಸದ ಬಗ್ಗೆ ಮಾತನಾಡದ ಹೆತ್ತವರಿಲ್ಲ. ಅದಕ್ಕಾಗಿ ಬೇಸಿಗೆ ಶಿಬಿರಗಳಿವೆ, ವ್ಯಕ್ತಿತ್ವ ವಿಕಸನದ ತರಗತಿಗಳಿವೆ, ಭಾಷಣ ಸ್ಪರ್ಧೆಗಳಿವೆ. ಶುಲ್ಕ ಕಟ್ಟಿದರೆ ಮಗುವಿನೊಳಗೆ ತುಂಬಿಸಿ ಕಳುಹಿಸಬಹುದಾದ ಸರಕು ಅದು ಎಂಬಂತೆ ನಾವು ವರ್ತಿಸುತ್ತೇವೆ. ಆದರೆ ಮಾತು ಕಲಿಯುತ್ತಿರುವ ಕೂಸನ್ನೊಮ್ಮೆ ನೋಡಿ. ಅದರ ಮಾತಿನಲ್ಲಿ ಹತ್ತಕ್ಕೆ ಒಂಬತ್ತು ತಪ್ಪು. ಆದರೂ ಅದು ದಿನವಿಡೀ ಮಾತನಾಡುತ್ತದೆ. ಏಕೆಂದರೆ ಅದು ಬಾಯಿ ತೆರೆದರೆ ಮನೆಯವರೆಲ್ಲ ಅತ್ತ ತಿರುಗುತ್ತಾರೆ, ಏನು ಹೇಳುತ್ತಿದೆಯೆಂದು ಊಹಿಸಲು ಹೆಣಗುತ್ತಾರೆ, ಅರ್ಥವಾದಾಗ ಸಂಭ್ರಮಿಸುತ್ತಾರೆ. ಅದೇ ಮಗು ಆರೇಳು ವರ್ಷಕ್ಕೆ ಪುಸ್ತಕ ಹಿಡಿದು ನಿಂತಾಗ ಕೇಳುವವರ ಕಿವಿ ಬದಲಾಗಿರುತ್ತದೆ. ಏನು ಹೇಳುತ್ತಿದೆ ಎಂದು ಕೇಳುತ್ತಿದ್ದವರು ಎಲ್ಲಿ ತಪ್ಪುತ್ತದೆ ಎಂದು ಕೇಳತೊಡಗುತ್ತಾರೆ. ಮಗುವಿನ ದನಿ ಕುಗ್ಗುವುದು ಅಲ್ಲಿಂದ.

ಹೀಗೆ ನೋಡಿದರೆ ಆತ್ಮವಿಶ್ವಾಸವು ಮಗುವಿನ ಗುಣ ಎನ್ನುವುದಕ್ಕಿಂತ ಕೇಳುವವರ ನಡತೆಯ ಫಲ ಎನ್ನುವುದು ಹೆಚ್ಚು ಸರಿ. ಆಗ ಇದು ಬೋಧನಾ ವಿಧಾನದ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ನಮಗಿಂತ ದುರ್ಬಲವಾದ ಜೀವವೊಂದು ನಮ್ಮೆದುರು ಬಾಯಿ ತೆರೆದಾಗ ಅದಕ್ಕೆ ನಮ್ಮ ಮೇಲೆ ಇರುವ ಹಕ್ಕೇನು ಎಂಬ ನೈತಿಕ ಪ್ರಶ್ನೆಯಾಗುತ್ತದೆ.

ಆ ಹುಡುಗಿಯ ತಪ್ಪನ್ನೇ ತೆಗೆದುಕೊಳ್ಳೋಣ. ಉರ್ದುವಿನಲ್ಲಿ ‘ಳ’ ಇಲ್ಲ, ‘ಣ’ ಕೂಡಾ ಇಲ್ಲ. ಹುಟ್ಟಿದಾಗಿನಿಂದ ಕೇಳದ ಅಕ್ಷರವನ್ನು ನಾಲಗೆ ಒಮ್ಮೆಲೇ ಹಿಡಿಯುವುದಿಲ್ಲ. ಅದು ನಿರ್ಲಕ್ಷ್ಯವೂ ಅಲ್ಲ, ದಡ್ಡತನವೂ ಅಲ್ಲ. ಹಳೆ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ. ಮಹಾಪ್ರಾಣವನ್ನು ದಿನದ ಮಾತಿನಲ್ಲಿ ನಿಯಮವಾಗಿ ಉಚ್ಚರಿಸುವ ಕನ್ನಡಿಗರು ಎಷ್ಟು ಮಂದಿ? ತುಳು, ಕೊಂಕಣಿ, ಬ್ಯಾರಿ, ಕೊಡವ, ಲಂಬಾಣಿ ಮಾತನಾಡುವ ಮನೆಗಳ ಮಕ್ಕಳೆಲ್ಲರೂ ಪಠ್ಯಪುಸ್ತಕದ ಕನ್ನಡಕ್ಕೆ ತಮ್ಮ ತಮ್ಮ ದಾರಿಯಿಂದ ನಡೆದು ಬರುವವರೇ. ಆದರೆ ನಗು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಕೆಲವರ ತಪ್ಪು ನಮ್ಮ ಕಿವಿಗೆ ಮಣ್ಣಿನ ಸೊಗಡಾಗಿ ಕೇಳುತ್ತದೆ, ಕೆಲವರದು ಬರೀ ತಪ್ಪಾಗಿ ಕೇಳುತ್ತದೆ. ಯಾರದು ಹೇಗೆ ಕೇಳುತ್ತದೆ ಎಂಬುದನ್ನು ನಿರ್ಧರಿಸುವುದು ವ್ಯಾಕರಣವಲ್ಲ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಇದನ್ನು ಬರೆಯುವಾಗ ಬೆರಳನ್ನು ಹೊರಗಿನವರತ್ತ ಮಾತ್ರ ತೋರಿಸಿದರೆ ನ್ಯಾಯವಾಗದು. ‘ಕಲಮ್’ ಎನ್ನುವಲ್ಲಿ ‘ಖಲಮ್’ ಎನ್ನುವ ದಖನಿ ಮಾತಿಗೆ ಉತ್ತರದ ಉರ್ದು ಬಲ್ಲವರು ನಗುತ್ತಾರೆ. ಆ ನಗುವಿನಿಂದ ನೊಂದವರು ಬ್ಯಾರಿ ಹುಡುಗನ ಉರ್ದುವಿಗೆ ನಗುತ್ತಾರೆ. ಮದ್ರಸಾದಲ್ಲಿ ಒಂದು ಅಕ್ಷರ ಗಂಟಲಿನ ಸರಿಯಾದ ಜಾಗದಿಂದ ಹೊರಡಲಿಲ್ಲವೆಂದು ಬೆತ್ತ ಎತ್ತಿದ ಕಾಲವನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಓದು ಎಂಬ ಆದೇಶದೊಂದಿಗೆ ದಿವ್ಯವಾಣಿ ಆರಂಭವಾಯಿತೆಂದು ಹೆಮ್ಮೆಪಡುವ ಸಮುದಾಯ ನಮ್ಮದು. ಓದಲು ಬಾಯಿ ತೆರೆದ ಮಗು ನಮ್ಮ ನಡುವೆ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯನ್ನೂ ನಾವೇ ಕೇಳಿಕೊಳ್ಳಬೇಕಲ್ಲವೇ?

ಹಾಗಾದರೆ ತಿದ್ದಲೇಬಾರದೇ? ಮಗುವಿನ ಮನ ನೋಯುತ್ತದೆಂದು ‘ಹಲ್ಲಿ’ಯನ್ನು ಹಾಗೆಯೇ ಬಿಡಬೇಕೇ? ಖಂಡಿತ ಇಲ್ಲ. ಕನ್ನಡದಲ್ಲಿ ‘ಬೆಳೆ’ಗೂ ‘ಬೆಲೆ’ಗೂ, ‘ಹುಳಿ’ಗೂ ‘ಹುಲಿ’ಗೂ ಇರುವ ಅಂತರ ಅರ್ಥದ ಅಂತರ. ಅದನ್ನು ಕಲಿಸದೆ ಬಿಟ್ಟರೆ ಇಂದು ತರಗತಿಯಲ್ಲಿ ಕೇಳಿದ ನಗುವನ್ನು ಮಗು ನಾಳೆ ಸಂದರ್ಶನದಲ್ಲಿ, ಕಚೇರಿಯಲ್ಲಿ, ವೇದಿಕೆಯಲ್ಲಿ ಕೇಳಬೇಕಾಗುತ್ತದೆ. ‘ಪಾಪ, ಅವರ ಮನೆಮಾತು ಬೇರೆ’ ಎಂದು ಸುಮ್ಮನಿರುವ ಶಿಕ್ಷಕ ದಯೆ ತೋರಿದಂತೆ ಕಂಡರೂ ನಿಜವಾಗಿ ಆ ಮಗುವಿನ ಮೇಲೆ ಆಸೆಯನ್ನೇ ಬಿಟ್ಟಿರುತ್ತಾನೆ. ತಿದ್ದುವುದು ಮಗುವಿನ ಹಕ್ಕು. ಅವಮಾನವಾಗದಂತೆ ತಿದ್ದಿಸಿಕೊಳ್ಳುವುದೂ ಅದರ ಹಕ್ಕೇ. ಈ ಎರಡರಲ್ಲಿ ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳುವಂತಿಲ್ಲ.

ಇಲ್ಲಿ ಸಹೀಹ್ ಬುಖಾರಿಯಲ್ಲಿ ದಾಖಲಾಗಿರುವ ಒಂದು ಘಟನೆ ನೆನಪಾಗುತ್ತದೆ. ಹಿಶಾಮ್ ಬಿನ್ ಹಕೀಮ್(ರ) ನಮಾಝಿನಲ್ಲಿ ಅಲ್‌ಫುರ್ಕಾನ್ ಅಧ್ಯಾಯ ಓದುತ್ತಿದ್ದುದು ಹ. ಉಮರ್(ರ)ರ ಕಿವಿಗೆ ಬಿತ್ತು. ತಾವು ಪ್ರವಾದಿಯವರಿಂದ(ಸ) ಕಲಿತ ರೀತಿಗಿಂತ ಅದು ಭಿನ್ನವಾಗಿತ್ತು. ಸಿಟ್ಟು ತಡೆಯಲಾರದೆ, ನಮಾಝ್ ಮುಗಿಯುತ್ತಲೇ ಅವರ ಹೊದಿಕೆಯನ್ನು ಹಿಡಿದೆಳೆದು ಪ್ರವಾದಿಯವರ(ಸ) ಬಳಿಗೆ ಕರೆತಂದರು. ಪ್ರವಾದಿಯವರು(ಸ) ಮೊದಲು ಅವರನ್ನು ಬಿಟ್ಟುಬಿಡಲು ಹೇಳಿದರು. ಬಳಿಕ ಹಿಶಾಮ್‌ರಿಂದ ಓದಿಸಿ ಕೇಳಿದರು. ಅನಂತರ ಉಮರ್‌ರಿಂದಲೂ ಓದಿಸಿ ಕೇಳಿದರು. ಎರಡೂ ಸರಿಯೆಂದು ತಿಳಿಸಿ, ಸುಲಭವೆನಿಸಿದ ರೀತಿಯಲ್ಲಿ ಓದಲು ಸೂಚಿಸಿದರು. ಎಲ್ಲ ಉಚ್ಚಾರವೂ ಸರಿ ಎಂಬ ಪಾಠವನ್ನು ಇದರಿಂದ ಹೊರಡಿಸಬೇಕಾಗಿಲ್ಲ. ನಾವು ಗಮನಿಸಬೇಕಾದುದು ಕ್ರಮವನ್ನು. ಮೊದಲು ಹಿಡಿದ ಬಟ್ಟೆಯನ್ನು ಬಿಡುವುದು, ಆಮೇಲೆ ಪೂರ್ತಿ ಕೇಳುವುದು, ತೀರ್ಪು ಕೊನೆಗೆ. ನಮ್ಮ ತರಗತಿಗಳಲ್ಲಿ, ಮನೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ.

ತಿದ್ದುವ ಒಳ್ಳೆಯ ದಾರಿಗಳು ಅನುಭವಿ ಶಿಕ್ಷಕರಿಗೆ ಹೊಸತಲ್ಲ. ಮಗು ಒಂದು ಪದದ ಮುಂದೆ ತಡವರಿಸಿದರೆ ಕೂಡಲೇ ಬಾಯಿ ಹಾಕದೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಎಷ್ಟೋ ಸಲ ಮಗು ತಾನೇ ದಾಟುತ್ತದೆ, ಆ ದಾಟಿದ ಸುಖ ಅದರದೇ ಆಗುತ್ತದೆ. ತಪ್ಪು ಓದಿದರೆ ವಾಕ್ಯ ಮುಗಿಯಲು ಬಿಡಿ. ‘ಹೌದಾ, ಆ ಹಳ್ಳಿಯಲ್ಲಿ ಅಷ್ಟು ದೊಡ್ಡ ಕೆರೆ ಇದೆಯಾ?’ ಎಂದು ಕೇಳಿ. ಸರಿಯಾದ ಪದ ಕಿವಿಗೆ ಬಿದ್ದಿರುತ್ತದೆ, ಮಗು ಹೇಳಿದ್ದು ನಮಗೆ ತಲುಪಿದೆಯೆಂಬುದೂ ಗೊತ್ತಾಗಿರುತ್ತದೆ. ‘ಳ’ ಹೇಳಲು ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಬೇಕೆಂಬುದನ್ನು ಬೇರೊಂದು ಹೊತ್ತಿನಲ್ಲಿ ಎಲ್ಲ ಮಕ್ಕಳಿಗೂ ಆಟವಾಗಿ ಕಲಿಸಬಹುದು. ಆಗ ಆ ಪಾಠ ಯಾರೊಬ್ಬರ ಹಣೆಪಟ್ಟಿಯೂ ಆಗುವುದಿಲ್ಲ. ಒಬ್ಬರಾದ ಮೇಲೆ ಒಬ್ಬರನ್ನು ಎಬ್ಬಿಸಿ ಒಂದೊಂದು ಸಾಲು ಓದಿಸುವ ರೂಢಿಯನ್ನೂ ಮರುಚಿಂತಿಸಬೇಕು. ಮಕ್ಕಳು ತಮ್ಮ ಪಾಲಿಗೆ ಬರುವ ಸಾಲು ಯಾವುದೆಂದು ಎಣಿಸಿ, ಅದನ್ನೇ ಒಳಗೊಳಗೆ ಉರು ಹೊಡೆಯುತ್ತಾ ಕುಳಿತಿರುತ್ತಾರೆ. ಓದುವವನ ಮಾತನ್ನು ಯಾರೂ ಕೇಳುತ್ತಿರುವುದಿಲ್ಲ. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರಿಗೊಬ್ಬರು ಓದಿ ಹೇಳುವಂತೆ ಮಾಡಿದರೆ ಪ್ರತಿ ಮಗುವಿಗೂ ಒಂದು ಕಿವಿ ಸಿಗುತ್ತದೆ.

ಇನ್ನು ಭಾವದ ಮಾತು. ಪ್ರಾಥಮಿಕ ಶಾಲೆಯ ಬಳಿ ಹಾದುಹೋದರೆ ಕೇಳಿಬರುವ ಒಂದು ರಾಗವಿದೆ. ‘ಅಜ್ಜೀ... ಮನೆಗೇ... ಹೋದಳೂ...’ ಕಥೆಯಲ್ಲಿ ಅಜ್ಜಿ ಸತ್ತರೂ ಅದೇ ರಾಗ, ಮೊಮ್ಮಗು ಹುಟ್ಟಿದರೂ ಅದೇ ರಾಗ. ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಅಕ್ಷರಗಳನ್ನು ಕೂಡಿಸುವುದರಲ್ಲೇ ಶಕ್ತಿಯೆಲ್ಲ ಮುಗಿದುಹೋದಾಗ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಒತ್ತಕ್ಷರಗಳ ದಟ್ಟಡವಿಯಲ್ಲಿ ಮಗು ಜೀವ ಉಳಿಸಿಕೊಳ್ಳಲು ಹಿಡಿದ ಕೈಗೋಲು ಆ ರಾಗ.

ಅಕ್ಷರ ಕೂಡಿಸುವುದನ್ನೇ ಓದು ಎನ್ನಲಾಗದು ಎಂಬುದು ಸಮೀಕ್ಷೆ ಮಾಡುವವರಿಗೂ ಗೊತ್ತು. 2005ರಿಂದ ನಡೆದು ಬಂದಿರುವ ‘ಅಸರ್’ ಸಮೀಕ್ಷೆಯ ಕಾರ್ಯಕರ್ತರು ಹಳ್ಳಿಗಳ ಮನೆಗಳಿಗೆ ಹೋಗಿ, ಒಂದೊಂದು ಮಗುವಿನ ಬಳಿಯೂ ಕುಳಿತು ಓದಿಸಿ ಕೇಳುತ್ತಾರೆ. ನಿಧಾನವಾಗಿ ಓದಿದರೂ ಅಡ್ಡಿಯಿಲ್ಲ, ಮೂರು ತಪ್ಪಿನವರೆಗೆ ಕ್ಷಮೆಯಿದೆ. ಆದರೆ ಬಿಡಿ ಪದಗಳ ಸಾಲಿನಂತೆ ಓದದೆ ವಾಕ್ಯವನ್ನು ವಾಕ್ಯದಂತೆ ಓದಬೇಕು. 2024ರ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಹಾಗೆ ಓದಬಲ್ಲವರು ಶೇಕಡಾ 27ರಷ್ಟು ಮಾತ್ರ. 2021ರ ಜುಲೈಯಲ್ಲಿ ಆರಂಭವಾದ ‘ನಿಪುಣ್ ಭಾರತ್’ ಯೋಜನೆಯು ಎರಡನೆಯ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದಗಳನ್ನು ಓದಬೇಕೆಂಬ ಗುರಿ ಇಟ್ಟಿತು. ಇಂತಹ ಗುರಿಗಳು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಎಣಿಸಬಹುದಾದುದು ಎದುರಿಗಿದ್ದಾಗ ಎಣಿಸಲಾಗದ್ದನ್ನು ಮರೆಯುವ ಚಟ ನಮ್ಮದು. ‘ಮನೆಯಲ್ಲಿದ್ದವರಿಗೆಲ್ಲ’ ಎಂಬುದು ಕನ್ನಡದಲ್ಲಿ ಒಂದೇ ಪದ. ಅದನ್ನು ಗಡಿಯಾರದ ಎದುರು ಓಡಿಸಿದರೆ ಮಗು ವೇಗವನ್ನೇನೋ ಕಲಿಯುತ್ತದೆ, ಮನೆಯಲ್ಲಿ ಯಾರಿದ್ದರೆಂದು ಕೇಳುವುದನ್ನು ಮರೆಯುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಕೇಡೂ ಇದೆ. ಸ್ಪರ್ಧೆಗೆಂದು ತಯಾರು ಮಾಡಿದ ಮಗುವನ್ನು ನೀವು ನೋಡಿರಬಹುದು. ಎಲ್ಲಿ ಕೈ ಎತ್ತಬೇಕು, ಎಲ್ಲಿ ಹುಬ್ಬು ಗಂಟಿಕ್ಕಬೇಕು, ಎಲ್ಲಿ ಗದ್ಗದಿತವಾಗಬೇಕು ಎಂಬುದೆಲ್ಲ ದೊಡ್ಡವರ ನಿರ್ಧಾರ. ಮಗುವಿಗೆ ಬಹುಮಾನ ಸಿಗುತ್ತದೆ. ಅರ್ಥವಾಗದ ದುಃಖವನ್ನು ಅಭಿನಯಿಸಿದರೆ ಮೆಚ್ಚುಗೆ ಸಿಗುತ್ತದೆ ಎಂಬ ಪಾಠವೂ ಅದರ ಜೊತೆಗೆ ಸಿಗುತ್ತದೆ. ಮುಂದಿನ ಬದುಕಿನಲ್ಲಿ ಆ ಪಾಠ ಯಾವ ಯಾವ ವೇದಿಕೆಗಳಲ್ಲಿ ಉಪಯೋಗಕ್ಕೆ ಬರುತ್ತದೆಂದು ನಾವು ದಿನವೂ ಕಾಣುತ್ತಿದ್ದೇವೆ.

ಭಾವವೆಂದರೆ ಹೊರಗಿನಿಂದ ಬಳಿಯುವ ಬಣ್ಣವೇ? ‘ಅಪ್ಪ ನಾಳೆ ಬರುತ್ತಾರಂತೆ’ ಎಂಬ ಮೂರು ಪದಗಳ ವಾಕ್ಯವನ್ನು ತೆಗೆದುಕೊಳ್ಳಿ. ತಂದೆ ಎರಡು ವರ್ಷದಿಂದ ಗಲ್ಫಿನಲ್ಲಿರುವ ಮಗು ಇದನ್ನು ಒಂದು ರೀತಿಯಲ್ಲಿ ಓದುತ್ತದೆ. ಕುಡಿದು ಬಂದು ಹೊಡೆಯುವ ತಂದೆಯ ಮಗು ಇನ್ನೊಂದು ರೀತಿಯಲ್ಲಿ ಓದುತ್ತದೆ. ಹೀಗೆ ಎಷ್ಟೋ ನಾಳೆಗಳನ್ನು ಕಂಡು ಸೋತ ಮಗು ಆ ‘ಅಂತೆ’ಯ ಮೇಲೆ ಬೇರೆಯೇ ಭಾರ ಹಾಕುತ್ತದೆ. ಕಥೆಯ ಮಗು ಇವರಲ್ಲಿ ಯಾರಂತಿದೆ ಎಂದು ಕೇಳಿದರೆ ಸಾಕು, ದನಿ ತಾನಾಗಿಯೇ ಬದಲಾಗುತ್ತದೆ. ಭಾವಪೂರ್ಣ ಓದು ಎಂದರೆ ತನಗೆ ಅರ್ಥವಾದುದನ್ನು ಅರ್ಥವಾದಂತೆ ಹೇಳುವುದು. ಅದು ಕಲೆಗಿಂತ ಮೊದಲು ಪ್ರಾಮಾಣಿಕತೆ. ಆದ್ದರಿಂದಲೇ ಮೊದಲು ಮೌನವಾಗಿ ಓದಲು ಬಿಟ್ಟು, ಕಥೆಯ ಬಗ್ಗೆ ನಾಲ್ಕು ಮಾತನಾಡಿ, ಆಮೇಲೆ ಗಟ್ಟಿಯಾಗಿ ಓದಿಸುವುದು ಒಳ್ಳೆಯದು. ಹ. ಮೂಸಾ(ಅ) ತಮ್ಮ ನಾಲಗೆಯ ತೊಡಕನ್ನು ಬಿಡಿಸೆಂದು ಪ್ರಾರ್ಥಿಸಿದ್ದನ್ನು ಕುರ್‌ಆನ್ ತಾಹಾ ಅಧ್ಯಾಯದಲ್ಲಿ ಹೇಳುತ್ತದೆ. ಅವರು ಕೇಳಿದ್ದು ಜನರು ತಲೆದೂಗಲೆಂದಲ್ಲ, ತಮ್ಮ ಮಾತು ಜನರಿಗೆ ಅರ್ಥವಾಗಲೆಂದು.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ನಮ್ಮ ಮಕ್ಕಳು ಅರಬಿಯಲ್ಲಿ ಕುರ್‌ಆನನ್ನು ಅರ್ಥ ತಿಳಿಯದೆಯೇ ಸೊಗಸಾಗಿ ಓದುತ್ತಾರಲ್ಲ, ಅದೇನು? ಈ ಪ್ರಶ್ನೆಯನ್ನು ಮರೆಮಾಚಬೇಕಾಗಿಲ್ಲ. ದೇವವಚನದ ಪಾರಾಯಣ ಒಂದು ಆರಾಧನೆ. ಅದರ ಶಬ್ದಕ್ಕೇ ಪಾವಿತ್ರ್ಯವಿದೆ, ಪುಣ್ಯವಿದೆ. ಆದರೆ ಆ ವಚನಗಳ ಕುರಿತು ಚಿಂತಿಸದವರನ್ನು ಕುರ್‌ಆನ್ ಸ್ವತಃ ಪ್ರಶ್ನಿಸುತ್ತದೆ. ನಿಧಾನವಾಗಿ, ಸ್ಪಷ್ಟವಾಗಿ ಓದಬೇಕೆಂಬ ಮುಝ್ಝಮ್ಮಿಲ್ ಅಧ್ಯಾಯದ ಆದೇಶವೂ ಅವಸರದ ವಿರುದ್ಧವೇ ಇದೆ. ಅರ್ಥವಿಲ್ಲದ ಓದು ಆರಂಭದ ಮೆಟ್ಟಿಲಾಗಬಹುದು, ಮನೆಯಾಗಬಾರದು. ಅಷ್ಟಲ್ಲದೆ ಮದ್ರಸಾದಿಂದ ಕನ್ನಡ ತರಗತಿಗೆ ಒಯ್ಯಬಹುದಾದ ಒಂದು ಉಡುಗೊರೆಯೂ ಇದೆ. ಕುರ್‌ಆನಿನ ಪ್ರತಿಗಳಲ್ಲಿ ಸಾಲಿನ ಮೇಲೆ ಸಣ್ಣ ಅಕ್ಷರಗಳಿರುತ್ತವೆ. ‘ಮೀಮ್’ ಇದ್ದಲ್ಲಿ ನಿಲ್ಲಲೇಬೇಕು, ‘ಜೀಮ್’ ಇದ್ದಲ್ಲಿ ನಿಲ್ಲಬಹುದು, ‘ಲಾ’ ಇದ್ದಲ್ಲಿ ನಿಲ್ಲಬಾರದು. ತಪ್ಪು ಜಾಗದಲ್ಲಿ ಉಸಿರೆಳೆದರೆ ಅರ್ಥವೇ ಕೆಡುತ್ತದೆ ಎಂಬುದನ್ನು ಏಳು ವರ್ಷದ ಮಗು ಆಗಲೇ ಕಲಿತಿರುತ್ತದೆ. ಕನ್ನಡ ಪಾಠದಲ್ಲೂ ಪೆನ್ಸಿಲಿನಿಂದ ಹೀಗೆ ನಿಲುಗಡೆಯ ಗುರುತು ಹಾಕಲು ಹೇಳಿ ನೋಡಿ. ಉಸ್ತಾದರೂ ಶಾಲೆಯ ಶಿಕ್ಷಕರೂ ಒಂದೇ ಕೆಲಸವನ್ನು ಮಾಡುತ್ತಿದ್ದಾರೆಂದು ಮಗುವಿಗೆ ತಿಳಿಯಲಿ.

ಗಟ್ಟಿಯಾಗಿ ಓದುವುದು, ಕೂಡಿ ಕುಳಿತು ಕೇಳುವುದು ಈ ನಾಡಿಗೆ ಹೊಸತಲ್ಲ. ಗಮಕಿಯೊಬ್ಬರು ಕುಮಾರವ್ಯಾಸನ ಭಾರತವನ್ನು ಓದುವುದು, ಪಕ್ಕದಲ್ಲಿ ಕುಳಿತವರು ಅದರ ಅರ್ಥ ಬಿಡಿಸಿ ಹೇಳುವುದು, ಅಕ್ಷರ ಬಾರದವರೂ ಅದನ್ನು ಕೇಳಿ ತಿಳಿಯುವುದು ಇಲ್ಲಿನ ಪದ್ಧತಿ. ದನಿಗೂ ಅರ್ಥಕ್ಕೂ ಅಲ್ಲಿ ಅಕ್ಕಪಕ್ಕದಲ್ಲೇ ಜಾಗವಿತ್ತು. ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಸಂಜೆ ಹೊತ್ತು ಹೆಂಗಸರು ಮಾಲೆಗಳನ್ನು ಓದುತ್ತಿದ್ದರು. ಆ ಮಾಲೆಗಳ ವಿಷಯದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಮನೆಯೊಳಗೆ ಹೆಣ್ಣಿನ ಓದುವ ದನಿಯೊಂದಿತ್ತು, ಅದನ್ನು ಮನೆಮಂದಿ ಕೇಳುತ್ತಿದ್ದರು ಎಂಬುದು ಸಣ್ಣ ಸಂಗತಿಯಲ್ಲ. ಇಂದು ಆ ಹೊತ್ತನ್ನು ಮೊಬೈಲ್ ತೆಗೆದುಕೊಂಡಿದೆ. ಪ್ರತಿಯೊಬ್ಬರ ಕಿವಿಯಲ್ಲೂ ಬೇರೆ ಬೇರೆ ದನಿ, ಪಕ್ಕದಲ್ಲಿ ಕುಳಿತವರದು ಮಾತ್ರ ಇಲ್ಲ.

‘ನಮಗೇ ಓದು ಬಾರದು, ಮಕ್ಕಳಿಗೆ ಏನು ಕಲಿಸೋಣ?’ ಎಂದು ಕೇಳುವ ತಾಯಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಹೇಳಬೇಕಾದ ಮಾತು ಇದೇ: ಕಲಿಸಬೇಡಿ, ಕೇಳಿ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮಗ ಓದಲಿ, ನೀವು ರೊಟ್ಟಿ ತಟ್ಟುತ್ತಾ ‘ಆಮೇಲೇನಾಯ್ತು?’ ಎಂದು ಕೇಳಿ. ಓದು ಬಲ್ಲ ತಂದೆಯ ಎದುರು ನಡುಗುವ ಮಗು ಓದು ಬಾರದ ಅಜ್ಜಿಯ ಎದುರು ಹುಲಿಯಾಗುತ್ತದೆ. ಏಕೆಂದರೆ ಅಜ್ಜಿಗೆ ನಿಜವಾಗಿಯೂ ಕಥೆ ಬೇಕಾಗಿರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹತ್ತು ವರ್ಷ ದಾಟುತ್ತಲೇ ‘ದನಿ ತಗ್ಗಿಸು’ ಎಂಬ ಮಾತು ಅವರ ಬೆನ್ನು ಹತ್ತುತ್ತದೆ. ಮರ್ಯಾದೆಯ ಹೆಸರಿನಲ್ಲಿ ತಗ್ಗಿಸಿದ ದನಿ ಮುಂದೆ ಅನ್ಯಾಯದ ಎದುರು ಎದ್ದು ನಿಂತೀತೆಂದು ನಾವು ನಿರೀಕ್ಷಿಸುವುದು ಹೇಗೆ?

ಎಲ್ಲ ಮಕ್ಕಳೂ ವೇದಿಕೆಯ ಮೇಲೆ ಗುಡುಗಬೇಕೆಂಬ ಹಟವೂ ಬೇಡ. ನಾಚುವ ಮಕ್ಕಳಿದ್ದಾರೆ, ಉಗ್ಗುವ ಮಕ್ಕಳಿದ್ದಾರೆ. ಅವರನ್ನು ನೂರು ಜನರ ಎದುರು ನಿಲ್ಲಿಸಿ ‘ಭಯ ಬಿಡು’ ಎನ್ನುವುದು ಈಜು ಬಾರದವರನ್ನು ಹೊಳೆಗೆ ನೂಕಿದಂತೆ. ಮೊದಲು ಒಬ್ಬರೇ ಕೇಳುಗರಿರಲಿ. ಬಳಿಕ ಇಬ್ಬರು. ನೂರು ಜನ ಎಂದಿಗೂ ಬಾರದಿದ್ದರೂ ನಷ್ಟವಿಲ್ಲ. ಕುರ್‌ಆನನ್ನು ತಡವರಿಸುತ್ತಾ, ಕಷ್ಟಪಟ್ಟು ಓದುವವರಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿಯವರು(ಸ) ತಿಳಿಸಿದ್ದನ್ನು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ತಡವರಿಕೆಯಲ್ಲಿ ನಾವು ಕಾಣುವುದು ಕೊರತೆಯನ್ನು. ಅಲ್ಲಿ ಕಂಡದ್ದು ಶ್ರಮವನ್ನು. ನಮ್ಮ ಅಂಕಪಟ್ಟಿಗಳಲ್ಲಿ ಆ ಶ್ರಮಕ್ಕೆ ಒಂದು ಅಂಕಣವಾದರೂ ಇದೆಯೇ?

ಒಮ್ಮೆ ಪ್ರವಾದಿಯವರು(ಸ) ಅಬ್ದುಲ್ಲಾ ಬಿನ್ ಮಸ್‌ಊದ್(ರ)ರಲ್ಲಿ ಕುರ್‌ಆನ್ ಓದಿ ಹೇಳುವಂತೆ ಕೇಳಿಕೊಂಡರು. ತಮಗೇ ಅವತೀರ್ಣವಾದುದನ್ನು ತಮಗೆ ತಾನು ಓದಿ ಹೇಳುವುದೇ ಎಂದು ಅವರಿಗೆ ಅಚ್ಚರಿಯಾಯಿತು. ಇನ್ನೊಬ್ಬರ ಬಾಯಿಂದ ಕೇಳುವುದು ತಮಗೆ ಇಷ್ಟವೆಂದು ಪ್ರವಾದಿಯವರು(ಸ) ಉತ್ತರಿಸಿದರು. ಅವರು ಅನ್ನಿಸಾ ಅಧ್ಯಾಯವನ್ನು ಓದುತ್ತಾ ಹೋದರು. ಒಂದು ವಚನಕ್ಕೆ ಬಂದಾಗ ಸಾಕೆಂದರು. ತಲೆಯೆತ್ತಿ ನೋಡಿದರೆ ಪ್ರವಾದಿಯವರ(ಸ) ಕಣ್ಣುಗಳಿಂದ ನೀರು ಹರಿಯುತ್ತಿತ್ತು. ಕಲಿಸಿದವರೇ ಕೇಳುಗರಾಗಿ ಕುಳಿತ ಈ ದೃಶ್ಯವನ್ನು ಪ್ರತಿಯೊಬ್ಬ ಶಿಕ್ಷಕನೂ, ಪ್ರತಿಯೊಬ್ಬ ತಂದೆತಾಯಿಯೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಗು ಓದುವ ಕಥೆ ನಮಗೆ ಗೊತ್ತಿರುವುದೇ. ಆದರೂ ಅದರ ಬಾಯಿಂದ ಕೇಳಲು ನಮಗೆ ಆಸೆಯಿದೆಯೇ?

ಹಲ್ಲಿಯ ಕೆರೆಯ ಬಗ್ಗೆ ಓದಿದ ಆ ಹುಡುಗಿ ಈಗ ದೊಡ್ಡವಳಾಗಿರಬೇಕು. ‘ಳ’ ಅವಳ ನಾಲಗೆಗೆ ಒಲಿದಿರಬಹುದು. ಆ ಊರಿನ ಕೆರೆ ಎಷ್ಟು ದೊಡ್ಡದು, ಅಲ್ಲಿ ಏನೇನಾಯಿತು ಎಂಬುದನ್ನು ಅಂದು ನಮ್ಮಲ್ಲಿ ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಆ ಪಾಠದ ಉಳಿದ ಭಾಗ ನಮಗೆ ಇಂದಿಗೂ ಗೊತ್ತಿಲ್ಲ.